ಚೌಕಾಶಿ ಮಾಡದ ಗಿರಾಕಿ

ಗದಗಿನ ಬಜಾರದಲ್ಲಿ ಕೆಲಸ ಕೇಳಿಕೊಂಡು ಹೋದವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: "ನೀ ಯಾರ ಪೈಕಿ?" ಪಿಯುಸಿ ಮುಗಿಸಿ ಹದಿನೆಂಟಕ್ಕೆ ಕಾಲಿಟ್ಟ ಮಂಜುಳಾ ಯಾರ ಪೈಕಿಯೂ ಅಲ್ಲ. ಸೊರಟೂರಿನ ಅಮೃತವ್ವನ ಮಗಳು, ಅಷ್ಟೆ. ಅದನ್ನು ಕಟ್ಟಿಕೊಂಡು ಪೇಟೆಗೇನಾಗಬೇಕು? ಇಡೀ ವಾರ ಚಪ್ಪಲಿ ಸವೆಸಿದಳು. ಯಾರೂ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟು ಕಳಿಸಿದರು.

ನೆಟ್ಟಗೆ ಮಾತಾಡಿದವನು ಸೀರೆ ಅಂಗಡಿಯ ಚನ್ನಬಸವಣ್ಣ ಒಬ್ಬನೇ.

"ನಾಳೆ ಮುಂಜಾನಿ ಬೋಣಿ ನಿನ್ನ ಕೈಲೆ ಆಗಲಿ. ಮೊದಲ ಬಂದ ಗಿರಾಕಿ ಬರಿಗೈಲೆ ಹೋದ್ರ ನೀನೂ ಹಂಗ ಹೋಗು. ಇನ್ನೊಂದು ಮಾತು. ನಿನ್ನ ಬಳಗದಾವ್ರು ಒಬ್ರೂ ನನ್ನ ಅಂಗಡಿ ಕಟ್ಟಿ ಏರಬಾರ್ದು. ಹಿಂದಿನಾಕಿ ತನ್ನ ಮಂದಿಗೆಲ್ಲ ಅಗ್ಗದಾಗ ಕೊಟ್ಟು ನನ್ನ ಮುಳುಗಿಸಿದ್ಲು. ಹಂಗೇನರ ಆದ್ರ ಅವತ್ತ ಕೆಲಸ ಬಂದ್."

ಅಂಗಡಿ ಮುಚ್ಚುವ ಹೊತ್ತಿಗೆ ಸೊರಟೂರಿಗೆ ಬಸ್ಸಿರುವುದಿಲ್ಲ. ಅದಕ್ಕೇ ಪಕ್ಕದ ಬೆಟಗೇರಿಯಲ್ಲಿ ಒಂದು ಬಾಡಿಗೆ ಖೋಲಿ ಹಿಡಿದಿದ್ದಳು. ಸಂಜೆ ಅಲ್ಲಿಂದ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ಹೇಳುತ್ತ ಅತ್ತಳು. ಅಷ್ಟು ದೊಡ್ಡ ಊರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಒಬ್ಬರೂ ಇರಲಿಲ್ಲ.

ಮರುದಿನ ಚನ್ನಬಸವಣ್ಣ ಗಲ್ಲಾಕ್ಕೆ ಊದಿನಕಡ್ಡಿ ಬೆಳಗಿ ಕೂತನೋ ಇಲ್ಲವೋ, ಕಟ್ಟೆ ಏರಿ ಬಂದವಳು ಅಮೃತವ್ವ! ಮಂಜುಳಾ ಗಾಬರಿಯಿಂದ ಚನ್ನಬಸವಣ್ಣನ ಕಡೆ ಕಣ್ಣು ಹಾಯಿಸಿದಳು. ಅವ್ವ ಮಾತ್ರ ಅವಳನ್ನು ಎಂದೂ ಕಂಡೇ ಇಲ್ಲದವಳಂತೆ ನೋಡಿದಳು.

"ಬರ್ರಿ ಅಕ್ಕಾರ, ಕುಂಡ್ರಿ," ಎಂದಳು ಮಂಜುಳಾ. ಹೆತ್ತವಳಿಗೆ ಹಾಗೆ ಮಾತಾಡಿದ್ದು ಅದೇ ಮೊದಲು, ನಾಲಿಗೆ ತೊಡರಿತು.

"ಕುಪ್ಪಸದ ಖಣ ತೋರಸವ್ವಾ. ಯಾ ಊರು ನಿಂದು?"

"ಸೊರಟೂರ್ರಿ."

"ನಿಮ್ಮವ್ವ ಹೆಂಗ ಬಿಟ್ಟಿರತಾಳವ್ವಾ ನಿನ್ನ? ಹೊತ್ತಿಗೆ ಸರಿ ಉಣ್ತಿಯಿಲ್ಲೋ?"

"ಉಣ್ತೀನ್ರಿ."

"ಸುಳ್ಳ ಹೇಳಬ್ಯಾಡ. ಮಾರಿ ಹೆಂಗ ಒಣಗೇತಿ ನೋಡು."

ಹೆಂಗಸರು ಕೂತಲ್ಲೇ ಬಳಗ ಹುಟ್ಟಿಸುತ್ತಾರೆಂದು ಚನ್ನಬಸವಣ್ಣ ನಕ್ಕ. ಮಂಜುಳಾ ತಲೆ ತಗ್ಗಿಸಿ ಒಂದೊಂದೇ ಖಣ ಬಿಚ್ಚುತ್ತ ಹೋದಳು. ಹಸಿರು ಖಣ ಕೊಡುವಾಗ ಅವ್ವನ ಬೆರಳು ಅವಳ ಬೆರಳ ಮೇಲೆ ಒಂದು ಗಳಿಗೆ ನಿಂತಿತು.

ಇಷ್ಟೆಲ್ಲ ಚೆನ್ನಾಗಿ ನಟಿಸಿದ ಅಮೃತವ್ವ ತಪ್ಪಿದ್ದು ಕೊನೆಯಲ್ಲಿ. ಕೊತ್ತಂಬರಿ ಸಿವುಡಿಗೂ ಅರ್ಧ ತಾಸು ಜಗಳ ತೆಗೆಯುವ ಹೆಂಗಸು, ಮಗಳ ಬೋಣಿ ಎಲ್ಲಿ ಕೆಡುತ್ತದೋ ಎಂಬ ಅವಸರಕ್ಕೆ, ಹೇಳಿದಷ್ಟು ರೊಕ್ಕ ಇಟ್ಟು ಚಕಾರವೆತ್ತದೆ ಎದ್ದು ಹೋದಳು.

ಚನ್ನಬಸವಣ್ಣನ ನಗು ನಿಂತಿತು. ಆ ಗಾದಿಯ ಮೇಲೆಯೇ ಕೂದಲು ಬೆಳ್ಳಗಾದವನು ಅವನು. ಚೌಕಾಶಿ ಮಾಡದೆ ಖಣ ಕೊಂಡ ಹೆಂಗಸನ್ನು ಇವತ್ತಿನತನಕ ಕಂಡಿರಲಿಲ್ಲ.

"ನಿನ್ನ ಗುರುತಿನಾಕಿ ಏನು?"

"ಇಲ್ರಿ," ಎಂದಳು ಮಂಜುಳಾ. ಹೇಳಿದ ಮೇಲೆ ತನ್ನ ಮೇಲೆ ತನಗೇ ಹೇಸಿಗೆ ಬಂತು.

ಅವ್ವ ಕೂತೆದ್ದ ಜಾಗದಲ್ಲಿ, ಗಾದಿಯ ಮೇಲೆ, ಒಂದು ಕೈಚೀಲ ಉಳಿದಿತ್ತು. ಒಳಗೆ ರೊಟ್ಟಿಯ ಗಂಟು, ಶೇಂಗಾ ಚಟ್ನಿ. ಅದು ಮರೆತದ್ದಲ್ಲ, ತನಗಾಗಿ ಬಿಟ್ಟು ಹೋದದ್ದು ಎಂದು ಮಂಜುಳಾಗೆ ಗೊತ್ತು. ಆದರೆ ಯಾವ ಬಾಯಿಂದ ಹೇಳಬೇಕು?

"ಪಾಪ, ಬುತ್ತಿ ಬಿಟ್ಟು ಹೋಗ್ಯಾಳ. ಓಡು, ಜಲ್ದಿ ಕೊಟ್ಟು ಬಾ," ಎಂದ ಚನ್ನಬಸವಣ್ಣ ತಾನೂ ಕಟ್ಟೆಗೆ ಬಂದು ನೋಡುತ್ತ ನಿಂತ.

ಮಂಜುಳಾ ಓಡಿದಳು. ರಸ್ತೆಯ ಆಚೆ ಅವ್ವ ಟಂಟಂ ರಿಕ್ಷಾ ಹತ್ತುತ್ತಿದ್ದಳು. "ಯವ್ವಾ" ಎಂಬ ಕೂಗು ಗಂಟಲವರೆಗೆ ಬಂತು. ಬೆನ್ನ ಹಿಂದೆ ಚನ್ನಬಸವಣ್ಣನ ಕಣ್ಣಿತ್ತು, ಕಿವಿಯೂ ಇತ್ತು. ಮಗಳು ತಾಯಿಯನ್ನು ಕೂಗುವ ದನಿ ಯಾರಿಗೆ ತಿಳಿಯುವುದಿಲ್ಲ?

"ಅಕ್ಕಾರ! ರೀ ಅಕ್ಕಾರ!"

ಬಜಾರದ ನಾಲ್ಕಾರು ಹೆಂಗಸರು ಹೊರಳಿ ನೋಡಿದರು. ಅಮೃತವ್ವ ನೋಡಲಿಲ್ಲ, ಮಗಳ ದನಿಯಲ್ಲಿ ಆ ಹೆಸರಿಗೆ ಹೊರಳುವ ರೂಢಿ ಅವಳಿಗೆಲ್ಲಿಯದು? ಟಂಟಂ ಹೊರಟುಹೋಯಿತು.

ಮರಳಿ ಬಂದಾಗ ಚನ್ನಬಸವಣ್ಣನ ಮುಖ ಹಗುರಾಗಿತ್ತು. ಅನುಮಾನ ಹರಿದಿತ್ತು.

"ಸಿಗಲಿಲ್ಲೇನು? ಆತು ಬಿಡು. ನಾಳಿಂದ ದಿನಾ ಬಾ, ನಿನ್ನ ಕೆಲಸ ಖಾಯಂ. ಆ ಬುತ್ತಿ ಅಲ್ಲೆ ಮ್ಯಾಲಿಡು, ಹೊಳ್ಳಿ ಬಂದ್ರ ಕೊಡಾಕ ಬರತೈತಿ. ಮಂದಿ ಸಾಮಾನು ಮುಟ್ಟಬ್ಯಾಡ."

ಮಂಜುಳಾ ಚೀಲವನ್ನು ಎತ್ತರದ ಹಲಗೆಯ ಮೇಲೆ ಇಟ್ಟಳು. ಮಧ್ಯಾಹ್ನ ಹೊಟ್ಟೆ ಹಸಿದಾಗ ಹೊರಗೆ ಹೋಗಿ, ಒಬ್ಬಳೇ ನಿಂತು ಚುರುಮರಿ ತಿಂದು ಬಂದಳು.