ತುರುಬು ಬಿಚ್ಚಿದವರು

"ತುರುಬು ಬಿಚ್ರೇ ಲೌಡೀರಾ! ನಿಮ್ಮವ್ವ ಬಂದು ಬಿಚ್ತಾಳೇನು?"

ಹೊಗೆಸೊಪ್ಪಿನ ಕೊಟ್ಟಿಗೆಯ ಬಾಗಿಲಲ್ಲಿ ಮೇಸ್ತ್ರಿ ಒರೊನ್ಸಾ ಬುಟ್ಟಿ ಹಿಡಿದು ನಿಂತಿದ್ದಳು. ಒಬ್ಬೊಬ್ಬರೇ ಹೋಗಿ ತುರುಬಿನ ಪಿನ್ನು ಎಳೆದು ಬುಟ್ಟಿಗೆ ಹಾಕುತ್ತಿದ್ದೆವು. ನಮ್ಮ ಲೆಚ್ಚೆ ಸೀಮೆಯಲ್ಲಿ ಮಗಳು ದೊಡ್ಡವಳಾದಾಗ ತಾಯಿ ಕೊಡುವ ಒಡವೆ ಅದೊಂದೇ, ಗೇಣುದ್ದದ ಹಿತ್ತಾಳೆ ಪಿನ್ನು. ತುರುಬು ನಿಲ್ಲಿಸುವುದಕ್ಕೂ ಅದೇ, ಒಂಟಿ ದಾರಿಯಲ್ಲಿ ಮೈಮೇಲೆ ಬಿದ್ದವನಿಗೆ ಚುಚ್ಚುವುದಕ್ಕೂ ಅದೇ. ಎರಡನೆಯದನ್ನು ಯಾವ ತಾಯಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಮಗಳ ಹೆಬ್ಬೆರಳಿಗೆ ಮೊನೆ ಒತ್ತಿ ತೋರಿಸುತ್ತಾಳೆ, ಅಷ್ಟೆ.

ನನ್ನ ಸರದಿ ಬಂತು. ಕರಿ ತಲೆವಸ್ತ್ರ ಸರಿಸಿ ಪಿನ್ನು ಎಳೆದೆ. ನರೆತ ಕೂದಲು ಬೆನ್ನ ಮೇಲೆ ಬಿತ್ತು. ಗಂಡ ಸತ್ತ ಮೇಲೆ ನನ್ನ ಬಿಚ್ಚುಗೂದಲನ್ನು ಹೊರಗಿನವರು ಯಾರೂ ನೋಡಿರಲಿಲ್ಲ. ಅಂಗಳದಲ್ಲಿ ಅಕಿಲ್ಲೆ ಧಣಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು.

"ಮುದಿ ಕುದುರೆಗೂ ಬಾಲ ಚೆಂದಾಗೇ ಐತೆ ಕಣೇ ಕೊಸಿಮಾ," ಅಂದು ನಕ್ಕ.

ಆ ಗಾಯ ನಮ್ಮ ಜೊತೆ ಕೆಲಸಕ್ಕಿದ್ದ ಪೊಂಪಿಲಿಯಾ ಮಾಡಿದ್ದು. ಸೊಪ್ಪಿನ ಪಿಂಡಿ ಎತ್ತಿಡು ಬಾ ಅಂತ ಮಾಳಿಗೆಗೆ ಕರೆದು ಬಾಗಿಲು ಹಾಕಿದ್ದ. ತುರುಬಿನ ಪಿನ್ನು ಅವನ ಅಂಗೈ ತೂರಿ ಬರುವಂತೆ ಚುಚ್ಚಿ ಅವಳು ಇಳಿದು ಓಡಿದಳು. ಮೊಳೆ ತಾಗಿತು ಅಂತ ಅವನು ಊರಿಗೆಲ್ಲ ಹೇಳಿದ. ಸುತ್ತಿನ ಯಾವ ಕೊಟ್ಟಿಗೆಯಲ್ಲೂ ಪೊಂಪಿಲಿಯಾಗೆ ಕೆಲಸ ಸಿಗದ ಹಾಗೆ ಮಾಡಿದ. ಕೂಸನ್ನು ಕಟ್ಟಿಕೊಂಡು ಯಾರದೋ ಗಾಡಿ ಹತ್ತಿ ಹೋದವಳು ಎಲ್ಲಿದ್ದಾಳೋ ಗೊತ್ತಿಲ್ಲ.

ಭಾನುವಾರದ ಪೂಜೆಯಲ್ಲಿ ಪಾದ್ರಿಯೂ ಅದೇ ಮಾತೆತ್ತಿದರು. ತಲೆಯಲ್ಲಿ ಮೊನೆ ಇಟ್ಟುಕೊಂಡ ಹೆಣ್ಣು ಸೈತಾನನ ಕೊಂಬು ಹೊತ್ತವಳು ಅಂದರು. ಹೊರಗೆ ಬಂದ ಮೇಲೆ ಮುದುಕಿ ತೆತ್ತಾ ನೆಲಕ್ಕೆ ಉಗಿದಳು.

"ಸೈತಾನ ಮುಂದಿನ ಬೆಂಚ್ನಾಗೇ ಕುಂತಿದ್ನಲ್ಲ, ಈ ಪಾದ್ರಿಗೆ ಕಣ್ ಕಾಣಾಕಿಲ್ವಾ?"

"ಸುಮ್ಕಿರಮ್ಮೋ, ಯಾರಾರಾ ಕೇಳಿಸ್ಕಂಡಾರು," ಅಂದೆ. ನಗು ಬಂದಿತ್ತು. ನಗಲಿಲ್ಲ.

ಹೊಗೆಸೊಪ್ಪು ಪೋಣಿಸುವ ಹುರಿಯಿಂದಲೇ ಕೂದಲು ಕಟ್ಟಿಕೊಂಡು ಕೆಲಸ ಮಾಡಿದೆವು. ಮಾಳಿಗೆಗೆ ಕರೆಸಿಕೊಂಡಾಗ ಒಬ್ಬಳು ಮರದ ಮೆಟ್ಟಿನಿಂದ ಧಣಿಯ ಮೊಣಕಾಲಿಗೆ ಬಾರಿಸಿದಳು. ಮರುದಿನದಿಂದ ಮೆಟ್ಟುಗಳೂ ಹೊರಗೆ. ಚಳಿಗಾಲ, ಕಲ್ಲುಹಾಸು. ಸೊಪ್ಪು ವಿಂಗಡಿಸುತ್ತ ಕೂತರೆ ಪಾದ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಇನ್ನೊಬ್ಬಳು ಸೊಂಟದ ಪಟ್ಟಿಯ ಕೊಕ್ಕೆಯಿಂದ ಅವನ ಕೆನ್ನೆ ಗೀರಿದಳು. ಪಟ್ಟಿಯೂ ಹೋಯಿತು. ಲಂಗ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆವು.

ಒಂದು ಮಧ್ಯಾಹ್ನ ಒರೊನ್ಸಾ ಬಂದು ನನ್ನ ಮಗಳ ಭುಜ ಮುಟ್ಟಿದಳು. ನನ್ನ ಮುಖ ನೋಡಲಿಲ್ಲ.

"ವೀತಾ, ಮಾಳ್ಗೆಗೋಗ್ಬೇಕಂತೆ."

"ನಾನೋಯ್ತೀನಿ," ಅಂದೆ.

"ನಿನ್ನ ಕರೀಲಿಲ್ಲ ಕಣಕ್ಕ. ಕೂತ್ಕೋ. ನನ್ ಹೊಟ್ಟೆ ಮ್ಯಾಲೆ ಹೊಡೀಬ್ಯಾಡ."

ವೀತಾ ಎದ್ದು ಹೋದಳು. ಇಪ್ಪತ್ತು ವರ್ಷದ ಹುಡುಗಿ, ಬರಿಗಾಲು, ಲಂಗದ ಮೇಲೆ ಕೈ. ಸುತ್ತ ಕೂತವರು ತಲೆ ಎತ್ತಲಿಲ್ಲ. ಸೊಪ್ಪಿನ ಸರಸರ ಸದ್ದು ಮಾತ್ರ ಜೋರಾಯಿತು. ಮೇಲಿನಿಂದ ಏನೋ ಉರುಳಿದ ಸದ್ದು ಬಂತು. ನಾನು ಮೆಟ್ಟಿಲು ಹತ್ತಿದ್ದು ನನಗೆ ನೆನಪಿಲ್ಲ. ಬರಿಗೈ ಹೆಂಗಸರಿಂದ ಏನಾದೀತು ಅಂತಲೋ ಏನೋ, ಬಾಗಿಲಿಗೆ ಅವನು ಚಿಲಕ ಹಾಕಿರಲಿಲ್ಲ. ನನಗೆ ಬೆನ್ನು ಮಾಡಿ ನಿಂತಿದ್ದ. ವೀತಾಳ ಮಣಿಕಟ್ಟು ಅವನ ಕೈಯಲ್ಲಿತ್ತು. ನನ್ನ ಹತ್ತಿರ ಇದ್ದದ್ದು ವಿಧವೆಯ ಕರಿ ತಲೆವಸ್ತ್ರ. ಅದನ್ನೇ ಎಳೆದು ಹಿಂದಿನಿಂದ ಅವನ ಗಂಟಲಿಗೆ ಹಾಕಿ ತಿರುಚಿದೆ. ಅವನು ಮಂಡಿಯೂರಿದ. ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು.

"ಬಿಡವ್ವಾ, ಸತ್ತೋಯ್ತಾನೆ! ಬಿಡವ್ವಾ!" ಅಂತ ವೀತಾ ನನ್ನ ಕೈ ಬಿಡಿಸಿದಳು.

ಬಿಟ್ಟೆ.

ಠಾಣೆಯಲ್ಲಿ ದಫೇದಾರ ತಲೆವಸ್ತ್ರವನ್ನು ಲಾಠಿಯ ತುದಿಯಲ್ಲಿ ಎತ್ತಿ ನೋಡಿದ.

"ಇದ್ರಾಗಾ ಬಿಗ್ದಿದ್ದು?"

"ಹೂಂ ಸ್ವಾಮಿ."

"ಧಣೇರು ದೊಡ್ ಮನ್ಸು ಮಾಡವ್ರೆ. ಕೇಸು ಬ್ಯಾಡ ಅಂದವ್ರೆ. ನೀನು ಕೊಟ್ಗೆ ಒಳೀಕೆ ಕಾಲಿಡಂಗಿಲ್ಲ. ನಿನ್ ಮಗ್ಳು ಮಾತ್ರ ನಾಳೆಯಿಂದ ಕೆಲ್ಸಕ್ಕೆ ಬರ್ಬೇಕಂತೆ."

"ಬರ್ದಿದ್ರೆ?"

"ಕೊಲೆ ಯತ್ನ. ಲೆಚ್ಚೆ ಜೈಲ್ನಾಗೆ ಕೊಳೀತೀಯ."

ಮನೆಯಲ್ಲಿ ವೀತಾ ಒಣ ರೊಟ್ಟಿಯನ್ನು ಹುರುಳಿಕಾಯಿ ಬೇಯಿಸಿದ ನೀರಲ್ಲಿ ನೆನೆಸಿ ನನ್ನ ಮುಂದಿಟ್ಟಳು.

"ನಾನ್ ಜೈಲಿಗೋಯ್ತೀನಿ ಕಣವ್ವ. ನೀನೋಗ್ಬ್ಯಾಡ," ಅಂದೆ.

"ನೀನೋದ್ರೆ ಅವ್ನು ಬಿಟ್ಬುಡ್ತಾನಾ? ಆಗ್ಲೂ ನಾನೇ ಓಗ್ಬೇಕು. ತಿನ್ನು."

ನನ್ನ ಬಾಯಿಗೆ ತುತ್ತು ಹೋಗಲಿಲ್ಲ. ಅವಳು ತಿಂದಳು. ಅಗಿದು ಅಗಿದು ತಿಂದಳು.

ಬೆಳಗ್ಗೆ ರಸ್ತೆಯ ಆಚೆ ಬದಿ ನಿಂತು ನೋಡಿದೆ. ಧಣಿಯೇ ಬಾಗಿಲಲ್ಲಿದ್ದ, ಕುತ್ತಿಗೆಗೆ ಉಣ್ಣೆಯ ಪಟ್ಟಿ. ಅವತ್ತಿನಿಂದ ತಲೆವಸ್ತ್ರವೂ ಇಲ್ಲ. ಒರೊನ್ಸಾ ಕತ್ತರಿ ಹಿಡಿದು ಒಬ್ಬೊಬ್ಬರ ಉಗುರೂ ಕತ್ತರಿಸುತ್ತಿದ್ದಳು. ವೀತಾಳ ಕೈ ಹಿಡಿದಾಗ ಕತ್ತರಿ ಜಾರಿ ಬೆರಳಿಂದ ರಕ್ತ ಬಂತು. "ತಪ್ಪಾಯ್ತು ಕಣಮ್ಮಿ," ಅಂತ ಒರೊನ್ಸಾ ಗೊಣಗಿದಳು.

ವೀತಾ ಕೈ ಹಿಂದಕ್ಕೆ ತೆಗೆದುಕೊಂಡು ಧಣಿಯ ಮುಂದೆ ಹೋಗಿ ನಿಂತಳು. ಬಾಯಿ ಅಗಲಿಸಿ ಹಲ್ಲು ತೋರಿಸಿದಳು, ಮೇಲಿನವು, ಕೆಳಗಿನವು.

"ಈ ಹಲ್ಗುಳ್ನೂ ಕಿತ್ತಿಟ್ಟು ಬರ್ಲಾ, ಬುದ್ದೀ?"

ಧಣಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಒಳಕ್ಕೋಗು," ಅಂದ.

ಹೋದಳು. ಅವಳ ಹಿಂದೆ ಅವನೂ ಹೋದ. ಒರೊನ್ಸಾ ಎರಡೂ ಬಾಗಿಲು ಎಳೆದುಕೊಂಡಳು. ಒಳಗಿಂದ ಅಗುಳಿ ಬಿದ್ದ ಸದ್ದು ರಸ್ತೆಯ ಆಚೆ ನಿಂತಿದ್ದ ನನಗೂ ಕೇಳಿಸಿತು.