ಕಡವಿನಲ್ಲಿ ಮುಚ್ಚಿದ ಕಣ್ಣು

ಹಿಂದಿನ ದಿನವೇ ಜಗಳವಾಗಿತ್ತು. ಮಮ್ಮು ಬ್ಯಾರಿಯ ಆಡು ಬೇಲಿ ನುಗ್ಗಿ ವೀಳ್ಯದ ಬಳ್ಳಿ ಮೇಯ್ದಿತೆಂದು ಕುಶಾಲಪ್ಪ ಗೌಡ ಕತ್ತಿ ಬೀಸಿದ್ದ. ಹಿಂಗಾಲು ತೊಗಲಿನಲ್ಲಿ ನೇತಾಡುತ್ತಿದ್ದ ಆ ಆಡನ್ನು ಮಮ್ಮು ಹೆಗಲಿಗೆ ಹಾಕಿಕೊಂಡು ಕಡಬದ ಪೇಟೆಗೆ ಬಂದು, ಹತ್ತು ಜನರ ಎದುರು, "ನೀವು ನೀರಿಗೆ ಬರ್ತೀರಲ್ಲ ಗೌಡ್ರೆ, ಆಗ ನೋಡುವ" ಎಂದಿದ್ದ. ಕುಮಾರಧಾರೆಯ ಕಡವಿನಲ್ಲಿ ದೋಣಿ ದಾಟಿಸುವವನು ಮಮ್ಮು. ಅವನ ಮಾತು ಸಂಜೆಯೊಳಗೆ ಎರಡೂ ದಡಕ್ಕೆ ಮುಟ್ಟಿತು.

ಅದು ಸಾವಿರದ ಒಂಬೈನೂರ ಐವತ್ತೆಂಟರ ಆಟಿ ತಿಂಗಳು, ಜಡಿಮಳೆಯ ಕಾಲ. ಹೊಳೆ ಕೆಂಪಗೆ ಏರಿತ್ತು. ಆಚೆ ದಡದಲ್ಲಿ ಮಗಳಿಗೆ ಹೆರಿಗೆಯಾಗಿದ್ದರಿಂದ ಕುಶಾಲಪ್ಪನಿಗೆ ದಾಟದೆ ಗತಿಯಿರಲಿಲ್ಲ. ಜಗಳದ ಮರುದಿನ ಮಮ್ಮುವಿನ ಮುಖ ನೋಡದೆ ದೋಣಿ ಹತ್ತಿದ. ನಡುಹೊಳೆ ದಾಟುವಾಗ ತೇಲಿಬಂದ ಮರದ ದಿಮ್ಮಿ ಗುದ್ದಿ ದೋಣಿ ಮಗುಚಿತು.

ಈಜು ಬಾರದ ಕುಶಾಲಪ್ಪ ಮಮ್ಮುವಿನ ಕೊರಳಿಗೆ ಜೋತುಬಿದ್ದ. ಜೋತುಬಿದ್ದ ಎಂದರೆ ಮರ್ಯಾದೆಯ ಮಾತಾಯಿತು. ಅವನ ಕತ್ತು ಹಿಸುಕಿದ, ಕಿವಿ ಕಚ್ಚಿದ, ಅವನ ತಲೆಯನ್ನು ಮೊಣಕಾಲಿನಿಂದ ಒತ್ತಿ ಮುಳುಗಿಸಿ ತಾನು ಉಸಿರೆಳೆದ. ಇನ್ನು ಇಬ್ಬರೂ ಸಾಯುವುದೇ ಎಂದು ಕಂಡಾಗ ಮಮ್ಮು ಕೈಯಲ್ಲೇ ಉಳಿದಿದ್ದ ಹುಟ್ಟನ್ನೆತ್ತಿ ಅವನ ತಲೆಗೆ ಬಾರಿಸಿದ. ಸಾಲದೆ ಇನ್ನೊಮ್ಮೆ ಬಾರಿಸಿದ. ಹಿಡಿತ ಸಡಿಲವಾದ ಮೇಲೆ ಕೂದಲು ಹಿಡಿದು ಆಚೆ ದಡಕ್ಕೆ ಎಳೆದ.

ಮಾವನಿಗಾಗಿ ಕಾಯುತ್ತಿದ್ದ ಅಳಿಯ ಶ್ಯಾಮನೂ ಜೊತೆಗಿದ್ದವರೂ ಏಟನ್ನು ಕಂಡಿದ್ದರು. ಎಳೆದು ತಂದದ್ದನ್ನೂ ಕಂಡಿದ್ದರು. ಕೊಂದ ಮೇಲೆ ಹೆದರಿ ಹೆಣ ತಂದಿದ್ದಾನೆ ಎಂದು ಅದಕ್ಕೊಂದು ಅರ್ಥ ಹಚ್ಚಿದರು. ಶ್ಯಾಮ ಬಿದಿರಿನ ಗಳ ಎತ್ತಿಕೊಂಡ. ಉಳಿದವರಿಗೆ ತುಳಿಯಲು ಕಾಲೇ ಸಾಕಾಯಿತು.

ಅಷ್ಟರಲ್ಲಿ ಕುಶಾಲಪ್ಪನಿಗೆ ಎಚ್ಚರವಾಯಿತು. ಕೆನ್ನೆಯಡಿ ಮರಳು, ಬಾಯಲ್ಲಿ ಕೆಸರು ನೀರು. ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ಅವನಿಗೆ ತಿಳಿಯಿತು. ಒಂದು ಮಾತು ಆಡಿದರೆ ನಿಲ್ಲುತ್ತಿತ್ತು. ಆದರೆ ಪೇಟೆಯ ಅವಮಾನ ಇನ್ನೂ ಹಸಿಯಾಗಿತ್ತು. ಕಣ್ಣು ತೆರೆದರೆ, ಬ್ಯಾರಿಯ ತಲೆ ಮೆಟ್ಟಿ ಬದುಕಲು ನೋಡಿದ್ದನ್ನೂ ಹೇಳಬೇಕಿತ್ತು. ಅವನು ಕಣ್ಣು ಮುಚ್ಚಿಯೇ ಮಲಗಿದ. ಸುಳ್ಳು ಯಾಕೆ, ಮೊದಲ ಕೆಲವು ಏಟು ಅವನ ಕಿವಿಗೆ ಹಿತವಾಗಿಯೇ ಕೇಳಿದವು. ಬಳಿಕ ಎಲುಬು ಮುರಿದ ಸದ್ದು ಬಂತು. ಆಮೇಲೆ ಮಮ್ಮುವಿನ ಕೂಗು ನಿಂತುಹೋಯಿತು.

ಆಗ ಹೆದರಿ ಎದ್ದು ಕುಳಿತು, "ಬಿಡಿ ಅವನನ್ನು, ಅವನೇ ನನ್ನನ್ನು ಉಳಿಸಿದ್ದು" ಎಂದ.

ಎಚ್ಚರವಾದ ಕೂಡಲೇ ಸತ್ಯ ಹೇಳಿ ಗೌಡರು ಬ್ಯಾರಿಯ ಪ್ರಾಣ ಕಾಪಾಡಿದರು ಎಂದು ಊರು ಹೊಗಳಿತು. ಮಮ್ಮುವಿನ ಬಲಗೈ ಸೊಟ್ಟಗೆ ಕೂಡಿತು, ಒಂದು ಕಣ್ಣು ಹೋಯಿತು. ಕುಶಾಲಪ್ಪ ಒಂದು ಆಡನ್ನು ಕಳುಹಿಸಿದ. ಮಮ್ಮುವಿನ ಹೆಂಡತಿ ಆಸ್ಯಮ್ಮ ಅದನ್ನು ಹಟ್ಟಿಯಲ್ಲಿ ಕಟ್ಟಿಹಾಕಿದಳು. ಕುಶಾಲಪ್ಪ ದೈವದ ಕಲ್ಲಿನ ಎದುರು ತಪ್ಪೊಪ್ಪಿಕೊಳ್ಳಲು ಹೋದ, ಕಾಯಿ ಇಟ್ಟು ಹಾಗೆಯೇ ಮರಳಿದ. ಹೊಗಳಿದವರನ್ನು ಕಂಡರೆ ದಾರಿ ಬದಲಿಸುತ್ತಿದ್ದ.

ಹೊಳೆ ಇಳಿದ ಮೇಲೆ ಒಂದು ಬೆಳಿಗ್ಗೆ ಕಡವಿಗೆ ಬಂದ. ದೋಣಿಯಲ್ಲಿ ಇಬ್ಬರೇ. ಮಮ್ಮು ಎಡಗೈಯಲ್ಲಿ ಹುಟ್ಟು ಹಾಕುತ್ತಿದ್ದ. ನಡುನೀರಿನಲ್ಲಿ ಕುಶಾಲಪ್ಪ ಹೇಳಿಬಿಟ್ಟ.

"ಮಮ್ಮು, ಅವರು ಹೊಡೆಯುವಾಗ ನನಗೆ ಎಚ್ಚರ ಇತ್ತು."

ಮಮ್ಮು ಹುಟ್ಟು ನಿಲ್ಲಿಸಲಿಲ್ಲ.

"ಗೊತ್ತುಂಟು ಗೌಡ್ರೆ. ನಿಮ್ಮ ಕಣ್ಣಿನ ರೆಪ್ಪೆ ಆಡ್ತಾ ಇತ್ತು. ನಾನು ಕೆಳಗೆ ಬಿದ್ದಲ್ಲಿಂದ ನೋಡ್ತಾ ಇದ್ದೆ."

"ಮತ್ತೆ ನೀನು ಯಾರ ಹತ್ರವೂ ಎಂತಕ್ಕೆ ಹೇಳಲಿಲ್ಲ?"

"ಹೇಳುದೆಂತ? ಹುಟ್ಟಿನ ಏಟು ಜೋರಾಯ್ತೋ, ನನ್ನ ಕೈಯಿಂದ ಸತ್ರೋ ಅಂತ ಹೆದರಿದ್ದೆ. ರೆಪ್ಪೆ ಆಡಿದ್ದು ಕಂಡು ಸಮಾಧಾನ ಆಯ್ತು."

ದೋಣಿ ದಡ ಮುಟ್ಟಿತು. ಮಮ್ಮು ಎಂದಿನಂತೆ ಇಳಿಯಲು ಕೈ ಚಾಚಿದ, ಆ ಸೊಟ್ಟ ಕೈಯನ್ನೇ. ಕುಶಾಲಪ್ಪನಿಗೆ ಅದನ್ನು ಹಿಡಿಯಲಾಗಲಿಲ್ಲ, ಬಿಡಲೂ ಆಗಲಿಲ್ಲ. ಬಹಳ ಹೊತ್ತು ದೋಣಿಯಲ್ಲೇ ಕುಳಿತಿದ್ದ.