ಭೀಮಮ್ಮ ಕೆರೆಗೆ ಬಿಟ್ಟ ಆಮೆ

ಮಳೆಗಾಲ ಬಂತೆಂದರೆ ಬೋನಾಳದ ಭೀಮಮ್ಮನ ಹೊಲದಲ್ಲಿ ಆಮೆ ಸಿಗುತ್ತದೆ. ಕಳೆ ತೆಗೆಯುವ ಹೊತ್ತಿಗೆ ತೊಗರಿ ಸಾಲಿನ ನಡುವೆ ಕಲ್ಲಿನಂತೆ ಕೂತಿರುತ್ತದೆ. ಕೆಲವರು ಅಂಥದ್ದನ್ನು ಕದ್ದುಮುಚ್ಚಿ ಮಾರುತ್ತಾರೆ. ಭೀಮಮ್ಮ ಹಾಗಲ್ಲ. ಕೆಲಸ ಬಿಟ್ಟು ಕೆರೆಯವರೆಗೆ ನಡೆದು, ನೀರಿಗೆ ಬಿಟ್ಟು, ಕೈಮುಗಿದು ಬರುತ್ತಾಳೆ. ನೀರಿನ ಜೀವ ನೀರು ಸೇರಿತು ಎಂದು ಅವಳಿಗೆ ಸಮಾಧಾನ.

ಈ ಸಲವೂ ಒಂದು ಸಿಕ್ಕಿತು. ಬೆನ್ನು ಗುಮ್ಮಟದಂತೆ ಉಬ್ಬಿತ್ತು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ಆಕಾಶದ ಚುಕ್ಕಿಯಂತೆ ಹರಡಿದ್ದವು. ಗಂಡ ಸಂಗಣ್ಣ ಅಂದು ಒಡ್ಡಿನ ಮೇಲಿನ ಪೊದೆ ಕಡಿದು ಇನ್ನೆರಡು ಸಾಲು ತೊಗರಿ ಹಾಕಬೇಕೆಂದಿದ್ದ. ಕೆಲಸದ ದಿನ ಹಾಳಾಯಿತು ಎಂದು ಗೊಣಗಿದ. ಭೀಮಮ್ಮ ಆಮೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟಳು.

ದಂಡೆಯಲ್ಲಿ ಕೆರೆಯ ಕಾವಲುಗಾರ ಮುಷರಫ ಅಡ್ಡ ಬಂದ.

"ಯಕ್ಕಾ, ಅದನ್ನ ನೀರಾಗ ಬಿಡಬ್ಯಾಡ್ರಿ. ಸಾಯ್ತದ."

"ಆಮಿ ನೀರಾಗ ಸಾಯ್ತದಂತ. ನಾಳಿ ಮೀನಿಗೂ ಒಣಾ ಜಾಗಾ ಹುಡುಕ್ತಿ ಏನಪಾ?"

ಮಾರಿಕೊಳ್ಳಲು ನೀನೇ ಹೊಂಚು ಹಾಕಿದ್ದೀ ಎಂದೂ ಅಂದಳು. ಮುಷರಫ ಸಿಟ್ಟಾಗಲಿಲ್ಲ. ಕಾಲು ನೋಡಿ ಎಂದ. ಕೆರೆಯ ಆಮೆಯ ಬೆರಳುಗಳ ನಡುವೆ ತೊಗಲಿರುತ್ತದೆ, ಅದರಿಂದ ನೀರು ತಳ್ಳಿ ಈಜುತ್ತದೆ. ಅದರ ಚಿಪ್ಪು ಚಪ್ಪಟೆ, ನುಣುಪು. ಇದರ ಕಾಲು ಆನೆಯ ಕಾಲಿನಂತೆ ಗಿಡ್ಡ, ದಪ್ಪ. ಇದು ನಕ್ಷತ್ರ ಆಮೆ, ಒಣನೆಲದ ಜೀವ. ಹುಲ್ಲು ಸೊಪ್ಪು ತಿಂದು ಕುರುಚಲು ಪೊದೆಯಲ್ಲಿ ಬದುಕುತ್ತದೆ. ಆಳದ ನೀರಿಗೆ ಹಾಕಿದರೆ ಮುಳುಗುತ್ತದೆ.

ಭೀಮಮ್ಮ ನಂಬಲಿಲ್ಲ. ಏಳು ವರ್ಷದಿಂದ ಬಿಡುತ್ತಿದ್ದೇನೆ, ಒಂದೂ ತಿರುಗಿ ಬಂದಿಲ್ಲ ಎಂದಳು.

ಮುಷರಫ ಕಾವಲು ಕೋಣೆಯಿಂದ ಒಂದು ಖಾಲಿ ಚಿಪ್ಪು ತಂದ. ಈ ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಸಿಕ್ಕಿದ್ದು. ಜನರಿಗೆ ತೋರಿಸಲೆಂದು ಅರಣ್ಯ ಇಲಾಖೆಯ ಸಾಹೇಬರು ಅಲ್ಲೇ ಇಡಿಸಿದ್ದರು. ಅದೇ ಹಳದಿ ಚುಕ್ಕಿ. ಅಂಚಿನಲ್ಲಿ ಕುರ್ಪಿಯ ಏಟಿನ ಗುರುತು.

ಆ ಏಟು ಭೀಮಮ್ಮನದು. ಹೋದ ವರ್ಷ ಕಳೆ ತೆಗೆಯುವಾಗ ಕಾಣದೆ ಬಡಿದಿತ್ತು. ಅರಿಶಿನ ಹಚ್ಚಿ, ಎರಡು ದಿನ ಮನೆಯಲ್ಲಿಟ್ಟು ಸೊಪ್ಪು ತಿನ್ನಿಸಿ, ಆಮೇಲೆ ತಾನೇ ತಂದು ನೀರಿಗೆ ಬಿಟ್ಟಿದ್ದಳು.

ಚಿಪ್ಪು ಹಿಡಿದು ಆ ಗುರುತಿನ ಮೇಲೆ ಬೆರಳಾಡಿಸಿದಳು.

"ನಾನೇ ಕೊಂದೀನೇನೋ ತಮ್ಮಾ?"

"ಹೌದ್ರಿ," ಎಂದ ಮುಷರಫ. "ಚಪ್ಪಟಿ ಇದ್ದವು ಉಳದಿರ್ತಾವ. ಇಂಥವು ಉಳದಿಲ್ಲ. ನಿಮಗ ಗೊತ್ತಿರಲಿಲ್ಲ. ಇದು ಇನ್ನಾ ಜೀವಂತ ಅದ, ಸಿಕ್ಕ ಜಾಗಕ್ಕ ಒಯ್ದು ಬಿಡ್ರಿ."

ಭೀಮಮ್ಮ ಬಂದ ದಾರಿಯಲ್ಲೇ ತಿರುಗಿ ನಡೆದಳು. ಒಡ್ಡಿನ ಹತ್ತಿರ ಸಂಗಣ್ಣ ಕೊಡಲಿ ಎತ್ತಿದ್ದ. ಆ ಪೊದೆ ಕಡಿಯಬೇಡ ಎಂದು ತಡೆದಳು, ನಡೆದದ್ದನ್ನೆಲ್ಲ ಹೇಳಿದಳು. ಎರಡು ಸಾಲು ತೊಗರಿ ಹೋಗುತ್ತದೆ ಎಂದ ಅವನು.

"ಹೋಗ್ಲಿ. ಅದರ ಮನಿ ಅದು."

"ಮನಿ ಅಂದ್ರ ಬಾಡಿಗಿ ಯಾರು ಕೊಡ್ತಾರ?" ಎಂದ ಸಂಗಣ್ಣ. ಆದರೂ ಕೊಡಲಿ ಕೆಳಗಿಟ್ಟ.

ಭೀಮಮ್ಮ ಪೊದೆಯ ಮುಂದೆ ಇಳಿಸಿದ ಆಮೆ ತಲೆ ಒಳಗೆಳೆದುಕೊಂಡು ಕೂತಿತ್ತು. ಇಬ್ಬರೂ ಹಿಂದೆ ಸರಿದು ಕಾದರು. ಮೊದಲು ಮೂತಿ ಬಂತು, ಆಮೇಲೆ ಆ ದಪ್ಪ ಕಾಲುಗಳು. ಅವಸರವಿಲ್ಲದೆ ನಡೆದು ಪೊದೆಯೊಳಗೆ ಹೋಯಿತು.

ಓದುತ್ತಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಹೊಲದಲ್ಲೂ ಇಂಥ ಆಮೆ ಸಿಗಬಹುದು. ಅದನ್ನು ಬಾವಿಗೆ, ಕೆರೆಗೆ ಹಾಕಬೇಡಿ. ಮನೆಗೆ ತರಬೇಡಿ. ನಕ್ಷತ್ರ ಆಮೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ, ಜೈಲಾಗುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ಒಡ್ಡಿನ ಮೇಲೆ ನಾಲ್ಕು ಪೊದೆ ಉಳಿಸಿ. ಪುಣ್ಯ ಮಾಡುವ ಮನಸ್ಸು ಭೀಮಮ್ಮನಿಗೂ ಇತ್ತು. ಅವಳು ನೋಡದೆ ಬಿಟ್ಟದ್ದು ಆಮೆಯ ಕಾಲು. ನೀವು ನೋಡಿ.